ಪೆಂಡಿಂಗ್ ಪೇಮೆಂಟ್ ಏನಾಯ್ತು ಅಂತ ಎಷ್ಟು ಸಲ ಕೇಳಬಹುದು?

2025ರ ಏಪ್ರಿಲ್ 12, ಶನಿವಾರ. ಬೆಳಿಗ್ಗೆ ಹನ್ನೊಂದು ದಾಟಿದ ಮೇಲೆ ದೇಶದ ತುಂಬ ಯುಪಿಐ ಕೈಕೊಟ್ಟಿತು. ಯಾವ ಆ್ಯಪ್ ತೆರೆದರೂ ಚಕ್ರ ತಿರುಗುತ್ತಿತ್ತು. ಸರಿಹೋಗುವ ಹೊತ್ತಿಗೆ ಸುಮಾರು 5 ತಾಸು ಕಳೆದಿತ್ತು. ಅದೇ ವರ್ಷ ಮಾರ್ಚ್ 26ರಂದೂ ಯುಪಿಐ ಹೀಗೇ ತೊಂದರೆ ಕೊಟ್ಟಿತ್ತು. ಹಾಗಾಗಿ ಬಹಳ ಜನ ಅಂದುಕೊಂಡಿದ್ದು ಒಂದೇ: ಬಳಕೆ ಜಾಸ್ತಿಯಾಯ್ತು, ಸರ್ವರ್ ತಡೆಯಲಿಲ್ಲ.

ಯುಪಿಐ ನಡೆಸುವ ಎನ್‌ಪಿಸಿಐ ಕಾರಣ ಹುಡುಕಿದಾಗ ಸಿಕ್ಕಿದ್ದು ಬೇರೆ. ಅವತ್ತು ಸ್ವಿಚ್ಚನ್ನು, ಅಂದರೆ ಬ್ಯಾಂಕುಗಳ ನಡುವೆ ನಿಂತು ಸಂದೇಶ ದಾಟಿಸುವ ಎನ್‌ಪಿಸಿಐ ವ್ಯವಸ್ಥೆಯನ್ನು, ಮುಳುಗಿಸಿದ್ದು ‘ಚೆಕ್ ಟ್ರಾನ್ಸಾಕ್ಷನ್’ ಎಂಬ ಒಂದು ಸಣ್ಣ ಕೋರಿಕೆ. ಇದು ಒಂದು ಪೈಸೆಯನ್ನೂ ಎಲ್ಲಿಗೂ ಕಳಿಸುವುದಿಲ್ಲ. ‘ಆ ಪೇಮೆಂಟ್ ಏನಾಯ್ತು?’ ಅಂತ ಕೇಳುತ್ತದೆ, ಅಷ್ಟೆ. ಕೆಲವು ಬ್ಯಾಂಕುಗಳ ಸಿಸ್ಟಂಗಳು ಈ ಪ್ರಶ್ನೆಯನ್ನು ಬಿಡುವೇ ಇಲ್ಲದೆ ಕೇಳುತ್ತಿದ್ದವು. ಹಳೆಯ ವ್ಯವಹಾರಗಳ ಬಗ್ಗೆಯೂ ಕೇಳುತ್ತಿದ್ದವು. ಒಂದು ಸಲ ಕೇಳಿದ ಮೇಲೆ 90 ಸೆಕೆಂಡ್ ಕಾಯಬೇಕು ಅನ್ನುವ ನಿಯಮ ಆಗಲೇ ಇತ್ತು. ಅದನ್ನು ಪಾಲಿಸಿರಲಿಲ್ಲ. ಪಾಲಿಸದವರನ್ನು ಸ್ವಿಚ್ಚಿನ ಬಾಗಿಲಲ್ಲೇ ತಡೆಯುವ ಏರ್ಪಾಡೂ ಇರಲಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿ ಇದು. ಯಾವ ಬ್ಯಾಂಕಿನ ಕಂಪ್ಯೂಟರೂ ಲೆಕ್ಕ ತಪ್ಪಿರಲಿಲ್ಲ. ಒಂದೊಂದನ್ನೇ ತೆಗೆದು ನೋಡಿದರೆ ಎಲ್ಲವೂ ತಮ್ಮ ಕೆಲಸವನ್ನು ನೆಟ್ಟಗೇ ಮಾಡುತ್ತಿದ್ದವು. ಕೆಟ್ಟಿದ್ದು ಅವುಗಳ ನಡುವಿನ ಮಾತುಕತೆ: ಯಾರು ಯಾರನ್ನು ಕೇಳಬಹುದು, ಎಷ್ಟು ಸಲ ಕೇಳಬಹುದು, ಉತ್ತರ ಬರದಿದ್ದರೆ ಎಷ್ಟು ಹೊತ್ತು ಕಾಯಬೇಕು, ಕೊನೆಗೆ ಯಾರ ಮಾತನ್ನು ನಂಬಬೇಕು. ಕಂಪ್ಯೂಟರ್ ವಿಜ್ಞಾನದಲ್ಲಿ ಇದನ್ನು ಕೋಆರ್ಡಿನೇಷನ್ ಅನ್ನುತ್ತಾರೆ. ನಾವು ಸಮನ್ವಯ ಅನ್ನೋಣ. ಲೆಕ್ಕ ಮಾಡುವುದಕ್ಕಿಂತ ಇದು ಬೇರೆಯೇ ಕೆಲಸ, ಇದನ್ನು ಬೇರೆಯಾಗಿಯೇ ಯೋಚಿಸಿ ಬರೆಯಬೇಕು ಅಂತ ಹೇಳಿದವರು 40 ವರ್ಷಗಳ ಹಿಂದೆಯೇ ಇದ್ದರು. ಇವತ್ತಿಗೂ ಈ ನಿಯಮಗಳು ಬಹುಪಾಲು ಸುತ್ತೋಲೆಗಳ ಪಿಡಿಎಫ್‌ನಲ್ಲೇ ಇರುತ್ತವೆ, ಯಂತ್ರದೊಳಗೆ ಇಳಿಯುವುದಿಲ್ಲ. ನನ್ನ ತಕರಾರು ಅದೇ.

ಮೊದಲು ಒಂದು ಪೇಮೆಂಟ್ ಹೇಗೆ ಸಾಗುತ್ತದೆ ನೋಡೋಣ.

ದರ್ಶಿನಿಯಲ್ಲಿ ಇಡ್ಲಿ ವಡೆ ತಿಂದು 60 ರೂಪಾಯಿ ಸ್ಕ್ಯಾನ್ ಮಾಡುತ್ತೀರಿ. ನಮ್ಮ ಕಣ್ಣಿಗೆ ಇಬ್ಬರೇ, ನೀವು ಮತ್ತು ಕ್ಯಾಶಿಯರ್. ಒಳಗೆ ಐವರ ತನಕ ಇರುತ್ತಾರೆ. ನಿಮ್ಮ ಆ್ಯಪಿನ ಹಿಂದೆ ಒಂದು ಬ್ಯಾಂಕ್. ಇದು ನಿಮ್ಮ ಖಾತೆ ಇರುವ ಬ್ಯಾಂಕೇ ಆಗಬೇಕಿಲ್ಲ. ಯುಪಿಐ ಐಡಿಯ ಕೊನೆಗೆ ‘ವೈಬಿಎಲ್’ ಅಂತಿದ್ದರೆ ಅದು ಯೆಸ್ ಬ್ಯಾಂಕ್, ‘ಓಕೆಆಕ್ಸಿಸ್’ ಅಂತಿದ್ದರೆ ಆಕ್ಸಿಸ್. ಆಮೇಲೆ ನಡುವೆ ಎನ್‌ಪಿಸಿಐ ಸ್ವಿಚ್. ನಿಮ್ಮ ಖಾತೆಯ ಬ್ಯಾಂಕ್. ಹೋಟೆಲಿನವರ ಆ್ಯಪಿನ ಬ್ಯಾಂಕ್. ಹೋಟೆಲಿನವರ ಖಾತೆಯ ಬ್ಯಾಂಕ್. ಸ್ವಿಚ್ ಮೊದಲು ಆ ಐಡಿ ಯಾರದು ಅಂತ ಅತ್ತ ಕಡೆ ವಿಚಾರಿಸುತ್ತದೆ. ಆಮೇಲೆ ನಿಮ್ಮ ಬ್ಯಾಂಕಿಗೆ ‘60 ರೂಪಾಯಿ ಕಡಿತ ಮಾಡು’ ಅನ್ನುತ್ತದೆ. ‘ಮಾಡಿದೆ’ ಅಂತ ಉತ್ತರ ಬಂದ ಮೇಲೆ ಅವರ ಬ್ಯಾಂಕಿಗೆ ‘60 ರೂಪಾಯಿ ಜಮಾ ಮಾಡು’ ಅನ್ನುತ್ತದೆ. ಕೊನೆಗೆ ಎರಡೂ ಕಡೆಯವರಿಗೆ ಸುದ್ದಿ ಮುಟ್ಟಿಸುತ್ತದೆ.

ಈಗ ಜಮಾ ಮಾಡು ಅಂದಮೇಲೆ ಉತ್ತರವೇ ಬರಲಿಲ್ಲ ಅಂದುಕೊಳ್ಳಿ. ಏನಾಗಿರಬಹುದು? ಕೋರಿಕೆ ದಾರಿಯಲ್ಲೇ ಕಳೆದುಹೋಗಿರಬಹುದು. ಜಮಾ ಆಗಿ, ಉತ್ತರ ಮಾತ್ರ ಕಳೆದುಹೋಗಿರಬಹುದು. ಏನೂ ಕಳೆದಿಲ್ಲ, ಆ ಬ್ಯಾಂಕ್ ನಿಧಾನ ಮಾಡುತ್ತಿದೆ, ಇನ್ನು 10 ಸೆಕೆಂಡಿಗೆ ಜಮಾ ಆಗುತ್ತದೆ ಅನ್ನುವುದೂ ಇರಬಹುದು. ಸ್ವಿಚ್ಚಿಗೆ ಈ ಮೂರೂ ಒಂದೇ ಥರ ಕಾಣುತ್ತವೆ: ಮೌನ.

ಇದು ಪ್ರೋಗ್ರಾಮರುಗಳ ಜಾಣತನದಿಂದ ಬಗೆಹರಿಯುವ ಸಮಸ್ಯೆ ಅಲ್ಲ. ಕಳಿಸಿದ ಸಂದೇಶ ತಲುಪಿತು ಅಂತ ಗೊತ್ತಾಗಲು ಇನ್ನೊಂದು ಸಂದೇಶ ಬೇಕು. ಅದು ತಲುಪಿತು ಅಂತ ತಿಳಿಯಲು ಮತ್ತೊಂದು. ಈ ಸರಪಳಿಗೆ ಕೊನೆಯಿಲ್ಲ ಅನ್ನುವುದು 1975ರಿಂದಲೇ ಗೊತ್ತು. ಡೇಟಾಬೇಸ್ ಲೋಕದ ದೊಡ್ಡ ಹೆಸರು ಜಿಮ್ ಗ್ರೇ ಇದಕ್ಕೆ ‘ಇಬ್ಬರು ಸೇನಾಪತಿಗಳ ಸಮಸ್ಯೆ’ ಅಂತ ಹೆಸರಿಟ್ಟರು. 1985ರಲ್ಲಿ ಫಿಷರ್, ಲಿಂಚ್, ಪ್ಯಾಟರ್ಸನ್ ಎಂಬ ಮೂವರು ಇನ್ನೂ ಗಟ್ಟಿಯಾದ ಮಾತೊಂದನ್ನು ಗಣಿತದಿಂದ ಸಾಧಿಸಿದರು. ಸಂದೇಶ ಎಷ್ಟು ಹೊತ್ತಿಗೆ ತಲುಪುತ್ತದೆ ಅನ್ನುವುದಕ್ಕೆ ಮಿತಿಯೇ ಇಲ್ಲದ ಜಾಲದಲ್ಲಿ ಒಂದೇ ಒಂದು ಕಂಪ್ಯೂಟರ್ ಸತ್ತುಹೋಗುವ ಸಾಧ್ಯತೆ ಇದ್ದರೂ ಸಾಕು, ಎಲ್ಲರೂ ಒಂದು ತೀರ್ಮಾನಕ್ಕೆ ಬಂದೇ ಬರುತ್ತಾರೆ ಅನ್ನುವ ಖಾತ್ರಿ ಕೊಡಲು ಆಗುವುದಿಲ್ಲ.

ಹಾಗಾದರೆ ದಿನಕ್ಕೆ ಕೋಟಿಗಟ್ಟಲೆ ಪೇಮೆಂಟ್ ನಡೆಯುತ್ತಿರುವುದು ಹೇಗೆ? ಗಡುವು ಹಾಕಿಕೊಂಡು. ಗಡುವಿನೊಳಗೆ ಉತ್ತರ ಬರದಿದ್ದರೆ ಏನೆಂದು ಭಾವಿಸಬೇಕು ಅಂತ ಮೊದಲೇ ಒಪ್ಪಿಕೊಂಡು. ಪಡೆಯುವ ಬ್ಯಾಂಕ್ ಬಾಯಿಬಿಡದಿದ್ದರೆ ಯುಪಿಐ ಆ ವ್ಯವಹಾರಕ್ಕೆ ‘ಡೀಮ್ಡ್’ ಅಂತ ಗುರುತು ಹಾಕುತ್ತದೆ. ಸದ್ಯಕ್ಕೆ ಆಗಿದೆ ಎಂದೇ ಇಟ್ಟುಕೊಳ್ಳೋಣ, ಲೆಕ್ಕ ತಾಳೆ ನೋಡುವಾಗ ತೀರ್ಮಾನವಾಗಲಿ ಅಂತ ಅರ್ಥ. ಅದರ ಹಿಂದೆ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆ ನಿಂತಿದೆ. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಹಣ ಕಡಿತವಾಗಿ ಜಮಾ ಆಗದಿದ್ದರೆ ಮಾರನೇ ದಿನದೊಳಗೆ ವಾಪಸ್ ಬರಬೇಕು. ಅಂಗಡಿಗೆ ಕೊಟ್ಟದ್ದಾದರೆ 5 ದಿನ. ಮೀರಿದರೆ ಗ್ರಾಹಕರಿಗೆ ದಿನಕ್ಕೆ 100 ರೂಪಾಯಿ ಪರಿಹಾರ. ನನಗೆ ಈ ನಿಯಮ ತುಂಬಾ ಇಷ್ಟ. ಗಣಿತ ಕೈಚೆಲ್ಲಿದ ಜಾಗದಲ್ಲಿ ಕಾನೂನು ಬಂದು ಕೂತಿದೆ. ಸೆಕೆಂಡುಗಳ ಗಡುವನ್ನು ಯಂತ್ರ ನೋಡಿಕೊಳ್ಳುತ್ತದೆ, ದಿನಗಳ ಗಡುವನ್ನು ದಂಡ ನೋಡಿಕೊಳ್ಳುತ್ತದೆ.

ಕೌಂಟರಿನಲ್ಲಿ ನಿಂತವರಿಗೆ ಇದರಿಂದ ಸಮಾಧಾನ ಆಗುವುದಿಲ್ಲ, ಅದು ಬೇರೆ ಮಾತು. ‘ಅಣ್ಣಾ, ನನ್ನ ಅಕೌಂಟಿಂದ ಕಟ್ ಆಗಿದೆ ನೋಡಿ.’ ‘ನಮಗೆ ಬಂದಿಲ್ಲ ಸಾರ್, ಬಾಕ್ಸ್ ಕೂಗಿಲ್ಲ.’ ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಆ ಸೌಂಡ್‌ಬಾಕ್ಸ್ ತನ್ನದೇ ಸಿಮ್ ಹಾಕಿಕೊಂಡು, ನಿಮ್ಮ ಫೋನಿಗೆ ಸಂಬಂಧವೇ ಇಲ್ಲದ ದಾರಿಯಲ್ಲಿ ಸುದ್ದಿ ಪಡೆಯುತ್ತದೆ. ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಮೋಸ ಮಾಡುವವರ ಕಾಟದಿಂದ ಅಂಗಡಿಯವರು ಗಿರಾಕಿಯ ಪರದೆ ಬಿಟ್ಟು ಈ ಡಬ್ಬಿಯನ್ನು ನಂಬಲು ಶುರುಮಾಡಿದರು. ಒಂದೇ ಘಟನೆಗೆ ಇಬ್ಬರು ಸಾಕ್ಷಿಗಳಾದರು. ಒಬ್ಬ ಸಾಕ್ಷಿ ಮಾತಾಡಿ ಇನ್ನೊಬ್ಬ ಸುಮ್ಮನಿದ್ದಾಗ ಏನು ಮಾಡಬೇಕು ಅನ್ನುವ ನಿಯಮ ಯಾವ ಸುತ್ತೋಲೆಯಲ್ಲಿ ಇದ್ದರೂ ಕೌಂಟರಿಗೆ ತಲುಪಿಲ್ಲ. ಹಾಗಾಗಿ ಅಲ್ಲಿ ನಡೆಯುವುದು ಮುಖ ನೋಡಿ ಮಾಡುವ ತೀರ್ಮಾನ. ದಿನಾ ಬರುವವರಾದರೆ ‘ಹೋಗ್ಲಿ ಬಿಡಿ, ಆಮೇಲೆ ನೋಡೋಣ’, ಹೊಸಬರಾದರೆ ‘ಕ್ಯಾಶ್ ಇದ್ರೆ ಕೊಡಿ’.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಉತ್ತರ ಬರಲಿಲ್ಲ, ಹಾಗಾಗಿ ಮತ್ತೆ ಕೇಳುತ್ತೇವೆ. ಎಷ್ಟು ಸಲ?

1985ರಲ್ಲೇ, ಮೇಲೆ ಹೇಳಿದ ಮೂವರ ಫಲಿತಾಂಶ ಅಚ್ಚಾದ ವರ್ಷವೇ, ಯೇಲ್ ವಿಶ್ವವಿದ್ಯಾಲಯದ ಡೇವಿಡ್ ಗೆಲರ್ನ್‌ಟರ್ ‘ಲಿಂಡಾ’ ಎಂಬ ಪದ್ಧತಿಯನ್ನು ಪ್ರಕಟಿಸಿದರು. ಕಲ್ಪನೆ ಬಹಳ ಸರಳ. ಪ್ರೋಗ್ರಾಂಗಳು ಒಂದಕ್ಕೊಂದು ನೇರವಾಗಿ ಸಂದೇಶ ಕಳಿಸುವುದಿಲ್ಲ. ಎಲ್ಲರಿಗೂ ಕಾಣುವ ಒಂದು ಜಾಗ ಇರುತ್ತದೆ, ಪಂಚಾಯ್ತಿ ಆಫೀಸಿನ ನೋಟಿಸ್ ಬೋರ್ಡಿನ ಹಾಗೆ. ‘ಔಟ್’ ಅಂದರೆ ಅಲ್ಲಿ ಒಂದು ಚೀಟಿ ಅಂಟಿಸು. ‘ಆರ್‌ಡಿ’ ಅಂದರೆ ಇಂಥ ಚೀಟಿ ಇದ್ದರೆ ಓದು. ‘ಇನ್’ ಅಂದರೆ ಅದನ್ನು ಕಿತ್ತುಕೊಂಡು ಹೋಗು. ಹೊಸ ಕೆಲಸ ಶುರುಮಾಡುವ ‘ಇವ್ಯಾಲ್’ ಸೇರಿ ಒಟ್ಟು ನಾಲ್ಕೇ ಕ್ರಿಯೆ. ಅಂಟಿಸಿದವರು ಯಾರು, ಓದುವವರು ಯಾರು, ಇಬ್ಬರೂ ಒಂದೇ ಹೊತ್ತಿಗೆ ಇದ್ದಾರಾ ಅನ್ನುವುದು ಯಾರಿಗೂ ಗೊತ್ತಿರಬೇಕಿಲ್ಲ.

ನಮಗೆ ಬೇಕಾದ ಅಂಶ ‘ಇನ್’ ಮತ್ತು ‘ಆರ್‌ಡಿ’ಯಲ್ಲಿದೆ. ಹುಡುಕುವ ಚೀಟಿ ಇನ್ನೂ ಬಂದಿಲ್ಲದಿದ್ದರೆ ಅವು ಅಲ್ಲೇ ಕಾಯುತ್ತವೆ. ಬಂದ ಕೂಡಲೇ ಎಚ್ಚರಗೊಳ್ಳುತ್ತವೆ. ‘ಬಂತಾ? ಬಂತಾ?’ ಅಂತ ಪದೇ ಪದೇ ಕೇಳುವ ಅಗತ್ಯ ಆ ಭಾಷೆಯಲ್ಲಿ ಹುಟ್ಟುವುದೇ ಇಲ್ಲ. ಎಷ್ಟು ಸಲ ಕೇಳಬೇಕು ಅನ್ನುವ ತೀರ್ಮಾನವನ್ನು ಒಬ್ಬೊಬ್ಬ ಪ್ರೋಗ್ರಾಮರ್ ಕೈಗೆ ಬಿಟ್ಟಿಲ್ಲ. ಗೆಲರ್ನ್‌ಟರ್ ಮತ್ತು ಅವರ ಸಹೋದ್ಯೋಗಿ ನಿಕೊಲಸ್ ಕ್ಯಾರಿಯೆರೊ 1992ರಲ್ಲಿ ಇದನ್ನೇ ವಾದವಾಗಿ ಮುಂದಿಟ್ಟರು: ಲೆಕ್ಕಕ್ಕೆ ಒಂದು ಭಾಷೆ ಇರಲಿ, ಸಮನ್ವಯಕ್ಕೆ ಬೇರೆಯದೇ ಭಾಷೆ ಇರಲಿ. 1996ರಲ್ಲಿ ಇಟಲಿಯ ಚೆಸೇನಾದಲ್ಲಿ ಇದಕ್ಕೆಂದೇ ಒಂದು ಸಮ್ಮೇಳನ ಶುರುವಾಯಿತು. ಆಮ್‌ಸ್ಟರ್‌ಡ್ಯಾಮಿನ ಫರ್ಹಾದ್ ಅರ್ಬಾಬ್ ‘ರಿಯೋ’ ಎಂಬ ಇನ್ನೊಂದು ದಾರಿ ತೋರಿಸಿದರು. ಅದರಲ್ಲಿ ಪ್ರೋಗ್ರಾಂಗಳನ್ನು ಮುಟ್ಟದೆ ನಡುವಿನ ಕಾಲುವೆಗಳನ್ನು ಜೋಡಿಸಿಯೇ ನಿಯಮ ಬರೆಯಬಹುದು.

ಹಾಗಂತ ಲಿಂಡಾವನ್ನು ಎತ್ತಿ ತಂದು ಯುಪಿಐಗೆ ಹಾಕಲು ಆಗುವುದಿಲ್ಲ. ಅದು ಹುಟ್ಟಿದ್ದು ಒಂದೇ ಸಂಸ್ಥೆಯ, ಒಬ್ಬರನ್ನೊಬ್ಬರು ನಂಬುವ ಯಂತ್ರಗಳಿಗಾಗಿ. ಬಾಗಿಲು ತೆರೆದಿಟ್ಟ ವ್ಯವಸ್ಥೆಯಲ್ಲಿ ಯಾರೋ ಬಂದು ನಿಮ್ಮ ಚೀಟಿ ಕಿತ್ತುಕೊಂಡು ಹೋಗಬಹುದು. ಅಂಟಿಸಿದವರು ಸತ್ತುಹೋದರೆ ಚೀಟಿ ಅಲ್ಲೇ ಉಳಿಯಬಹುದು. ಸನ್ ಕಂಪನಿ 1999ರಲ್ಲಿ ತಂದ, ಲಿಂಡಾ ಮಾದರಿಯದೇ ಆದ ಜಾವಾಸ್ಪೇಸಸ್ ಎರಡನೆಯ ತೊಂದರೆಗೆ ಒಳ್ಳೆಯ ಮದ್ದು ಕೊಟ್ಟಿತು: ಪ್ರತಿ ಚೀಟಿಗೂ ಗುತ್ತಿಗೆ ಅವಧಿ. ಅವಧಿ ಮುಗಿಯುವ ಮುಂಚೆ ನವೀಕರಿಸದಿದ್ದರೆ ಚೀಟಿ ತಾನಾಗಿ ಹೋಗುತ್ತದೆ. ಜಾವಾಸ್ಪೇಸಸ್ ಮಾರುಕಟ್ಟೆಯಲ್ಲಿ ಗೆಲ್ಲಲಿಲ್ಲ. ಗುತ್ತಿಗೆಯ ಕಲ್ಪನೆ ಮಾತ್ರ ಇವತ್ತು ಕ್ಲೌಡಿನ ತುಂಬ ಇದೆ.

ಈ ಕಣ್ಣಿನಿಂದ ನೋಡಿದರೆ 2025ರ ಆಗಸ್ಟ್ 1ರಿಂದ ಬಂದ ಯುಪಿಐ ನಿಯಮಗಳು ಬೇರೆ ಥರ ಕಾಣುತ್ತವೆ. ಪತ್ರಿಕೆಗಳಲ್ಲಿ ಬಂದದ್ದು ‘ದಿನಕ್ಕೆ 50 ಸಲ ಮಾತ್ರ ಬ್ಯಾಲೆನ್ಸ್ ನೋಡಬಹುದು’ ಅನ್ನುವ ಸುದ್ದಿ. ಐವತ್ತು ಸಲ ಯಾರು ನೋಡ್ತಾರೆ ಅಂತ ನಗುವವರೂ ಇದ್ದರು. ನಿಜವಾದ ಬದಲಾವಣೆ ಬೇರೆ ಸಾಲುಗಳಲ್ಲಿತ್ತು. ಪೆಂಡಿಂಗ್ ಪೇಮೆಂಟಿನ ಸ್ಥಿತಿಯನ್ನು ಮೂರೇ ಸಲ ಕೇಳಬಹುದು, ನಡುವೆ 90 ಸೆಕೆಂಡ್ ಬಿಡಬೇಕು. ತಾನಾಗಿ ಕಡಿತವಾಗುವ ಆಟೋಪೇಗಳು ಬೆಳಿಗ್ಗೆ 10ರಿಂದ ಮಧ್ಯಾಹ್ನ 1 ಮತ್ತು ಸಂಜೆ 5ರಿಂದ ರಾತ್ರಿ 9.30ರ ಗದ್ದಲದ ಹೊತ್ತನ್ನು ಬಿಟ್ಟು ನಡೆಯಬೇಕು. ಇನ್ನೊಂದು ಸಾಲನ್ನು ಹೆಚ್ಚಿನವರು ಗಮನಿಸಲಿಲ್ಲ. ಪೇಮೆಂಟ್ ಆದ ಪ್ರತಿ ಸಲವೂ ಬ್ಯಾಂಕೇ ಉಳಿದ ಮೊತ್ತವನ್ನು ತಿಳಿಸಬೇಕು.

ನನಗೆ ಈ ಕೊನೆಯ ಸಾಲೇ ಮುಖ್ಯ. ಮಿತಿ ಹಾಕುವುದು ಕೇಳುವವರ ಬಾಯಿ ಕಟ್ಟುವ ಕೆಲಸ. ಉತ್ತರವನ್ನು ತಾನಾಗಿ ಕಳಿಸುವುದು ಪ್ರಶ್ನೆಯನ್ನೇ ಇಲ್ಲವಾಗಿಸುವ ಕೆಲಸ. ಲಿಂಡಾ 1985ರಲ್ಲಿ ಹೇಳಿದ್ದು ಎರಡನೆಯದನ್ನು. ಪೆಂಡಿಂಗ್ ಪೇಮೆಂಟ್ ವಿಷಯದಲ್ಲಿ ನಾವಿನ್ನೂ ಮೊದಲನೆಯದರಲ್ಲೇ ಇದ್ದೇವೆ.

2025ರ ಜೂನ್ 16ರಿಂದ ಗಡುವುಗಳೂ ಇಳಿದವು. ಪಾವತಿ ಕೋರಿಕೆಗೆ ಉತ್ತರ ಕೊಡಲು ಇದ್ದ 30 ಸೆಕೆಂಡ್ 15ಕ್ಕೆ ಇಳಿಯಿತು. ಸ್ಥಿತಿ ವಿಚಾರಣೆಯದು 30ರಿಂದ 10ಕ್ಕೆ ಬಂತು. ಗಿರಾಕಿಗೆ ಬೇಗ ಉತ್ತರ ಸಿಗುತ್ತದೆ, ಒಳ್ಳೆಯದೇ. ಆದರೆ ಗಡುವು ಚಿಕ್ಕದಾದಷ್ಟೂ ‘ನಿಧಾನ ಆದದ್ದು’ ಕೂಡ ‘ಕಳೆದುಹೋದದ್ದು’ ಅಂತ ಎಣಿಕೆಯಾಗುವ ಸಂಭವ ಜಾಸ್ತಿ. ಆಗ ಮತ್ತೆ ವಿಚಾರಣೆಗಳು ಹೆಚ್ಚುತ್ತವೆ. ಗಡುವು ಮತ್ತು ವಿಚಾರಣೆಯ ಮಿತಿ, ಈ ಎರಡು ತಿರುಪುಗಳನ್ನು ಒಟ್ಟಿಗೇ ತಿರುಗಿಸಬೇಕು ಅನ್ನುವುದು ಅದಕ್ಕೇ. 2025ರ ಆಗಸ್ಟ್‌ನಲ್ಲಿ ಯುಪಿಐ ಒಂದೇ ತಿಂಗಳಲ್ಲಿ 2,000 ಕೋಟಿ ವ್ಯವಹಾರ ದಾಟಿತು. ಆ ಪ್ರಮಾಣದಲ್ಲಿ ನೂರರಲ್ಲಿ ಒಂದು ಪೇಮೆಂಟಿಗೆ ಒಂದು ಹೆಚ್ಚುವರಿ ಪ್ರಶ್ನೆ ಬಿದ್ದರೂ ಅದು 20 ಕೋಟಿ ಪ್ರಶ್ನೆ.

ಬಾಗಿಲು ತೆರೆದಿಟ್ಟ ವ್ಯವಸ್ಥೆ ಅಂದರೆ ಏನು ಅನ್ನುವುದಕ್ಕೆ ಇನ್ನೊಂದು ಚಿಕ್ಕ ಉದಾಹರಣೆ ಇದೆ. ಯುಪಿಐನ ಪ್ರತಿ ವ್ಯವಹಾರಕ್ಕೂ 35 ಅಕ್ಷರಗಳ ಒಂದು ಗುರುತು ಇರುತ್ತದೆ. ಅದೇ ಗುರುತಿನ ಕೋರಿಕೆ ಎರಡು ಸಲ ಬಂದರೆ ಎರಡು ಸಲ ಕಡಿತ ಆಗಬಾರದು, ಅದಕ್ಕಾಗಿ. ಅದರಲ್ಲಿ ಅಂಕಿ ಮತ್ತು ಅಕ್ಷರ ಮಾತ್ರ ಇರಬೇಕು. ಕೆಲವರು ನಡುವೆ ವಿಶೇಷ ಚಿಹ್ನೆಗಳನ್ನೂ ತುರುಕುತ್ತಿದ್ದರು. ಕೊನೆಗೆ 2025ರ ಫೆಬ್ರವರಿ 1ರಿಂದ ಎನ್‌ಪಿಸಿಐ ಅಂಥ ಕೋರಿಕೆಗಳನ್ನು ತಿರಸ್ಕರಿಸಲು ಶುರುಮಾಡಿತು. ಸೇವೆ ಆರಂಭವಾದ 2016ರಿಂದ ಎಣಿಸಿದರೆ ಎಂಟು ವರ್ಷದ ಮೇಲೆ. 600ಕ್ಕೂ ಹೆಚ್ಚು ಬ್ಯಾಂಕುಗಳು ಸೇರಿರುವ ಜಾಲ ಅದು. ಅವರ ಕೋಡ್ ಹೇಗಿದೆ ಅಂತ ಎನ್‌ಪಿಸಿಐ ಒಳಗೆ ಹೋಗಿ ನೋಡುವಂತಿಲ್ಲ. ಬಾಗಿಲಲ್ಲಿ ಮಾತ್ರ ಪರೀಕ್ಷಿಸಬಹುದು. ಬಾಗಿಲಲ್ಲಿ ಪರೀಕ್ಷೆಗೆ ಒಳಗಾಗದ ನಿಯಮ ಬರೀ ಸಲಹೆ.

ಯುಪಿಐನಲ್ಲಿ ಕಡೇಪಕ್ಷ ನಡುವೆ ಎಲ್ಲವನ್ನೂ ಕಂಡ ಒಬ್ಬರಿದ್ದಾರೆ. ಬೆಂಗಳೂರಿನ ಆಟೋಗಳಲ್ಲಿ ಕಾಣುವ ‘ನಮ್ಮ ಯಾತ್ರಿ’ ಆ್ಯಪ್ ಬೇರೆ ಜಾತಿಯದು. ಜಸ್‌ಪೇ ಕಂಪನಿ ಆಟೋ ಚಾಲಕರ ಸಂಘದ ಜತೆ ಸೇರಿ 2022ರ ನವೆಂಬರ್‌ನಲ್ಲಿ ಅದನ್ನು ಆರಂಭಿಸಿತು. ಅದರ ತಳಹದಿ ‘ಬೆಕ್ನ್’ ಎಂಬ ಮುಕ್ತ ಪ್ರೋಟೊಕಾಲ್, ಅಂದರೆ ಆ್ಯಪ್‌ಗಳು ಮಾತಾಡಿಕೊಳ್ಳುವ ನಿಯಮಗಳ ಕಟ್ಟು. ಸರ್ಕಾರದ ಬೆಂಬಲದ ಆನ್‌ಲೈನ್ ವ್ಯಾಪಾರ ಜಾಲ ಒಎನ್‌ಡಿಸಿ ನಿಂತಿರುವುದೂ ಇದರ ಮೇಲೆಯೇ. ಬೆಕ್ನ್‌ನಲ್ಲಿ ‘ಸರ್ಚ್’ ಕಳಿಸಿದರೆ ತಕ್ಷಣ ಬರುವುದು ‘ತಲುಪಿತು’ ಅನ್ನುವ ಸ್ವೀಕೃತಿ ಮಾತ್ರ. ನಿಜವಾದ ಉತ್ತರ ‘ಆನ್ ಸರ್ಚ್’ ಅಂತ ಬೇರೆಯಾಗಿ, ಆಮೇಲೆ, ಆ ಕಡೆಯಿಂದಲೇ ಬರುತ್ತದೆ. ಸೆಲೆಕ್ಟ್, ಇನಿಟ್, ಕನ್‌ಫರ್ಮ್ ಎಲ್ಲಕ್ಕೂ ಹೀಗೇ ಜೋಡಿ. ಹುಡುಕುವ ಹಂತದಲ್ಲಿ ಗೇಟ್‌ವೇ ಒಂದು ಕೋರಿಕೆಯನ್ನು ಹಲವರಿಗೆ ಹಂಚುತ್ತದೆ. ಆಮೇಲೆ ಕೊಳ್ಳುವವರ ಆ್ಯಪ್ ಮತ್ತು ಮಾರುವವರ ಆ್ಯಪ್ ನೇರವಾಗಿ ಮಾತಾಡಿಕೊಳ್ಳುತ್ತವೆ. ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಇರುತ್ತದೆ. ಜಗಳ ಬಂದರೆ ಸಹಿ ಇರುವ ಸಂದೇಶಗಳೇ ಸಾಕ್ಷಿ.

ವಿನ್ಯಾಸವಾಗಿ ಇದು ಯುಪಿಐಗಿಂತ ಸಮನ್ವಯ ಸಿದ್ಧಾಂತಕ್ಕೆ ಹತ್ತಿರ. ಆದರೆ ಅದರ ಮಿತಿಯನ್ನು ಬೆಂಗಳೂರಿನವರು ದಿನಾ ನೋಡುತ್ತಾರೆ. ಒಬ್ಬ ಆಟೋ ಚಾಲಕರ ಮುಂದೆ ಎರಡು ಫೋನ್, ಅದರಲ್ಲಿ ಮೂರ್ನಾಲ್ಕು ಆ್ಯಪ್. ಪ್ರತಿ ಆ್ಯಪಿಗೂ ಆ ಆಟೋ ಖಾಲಿ ಇದೆ ಅಂತಲೇ ಕಾಣುತ್ತದೆ. ಇತ್ತ ಪ್ರಯಾಣಿಕರೂ ಎರಡು ಆ್ಯಪ್‌ನಲ್ಲಿ ಬುಕ್ ಮಾಡಿ ಮೊದಲು ಬಂದದ್ದನ್ನು ಹತ್ತುತ್ತಾರೆ. ಒಂದೇ ಆಟೋವನ್ನು ಒಬ್ಬರೇ ಒಮ್ಮೆಗೆ ‘ಕಿತ್ತುಕೊಳ್ಳುವ’ ಲಿಂಡಾದ ‘ಇನ್’ ಕ್ರಿಯೆ ಇಲ್ಲಿ ಯಾರ ಕೈಯಲ್ಲೂ ಇಲ್ಲ. ಒಂದು ಜಾಲದ ಒಳಗಿನ ನಿಯಮ ಎಷ್ಟೇ ಚೆನ್ನಾಗಿದ್ದರೂ ಪಕ್ಕದ ಜಾಲಕ್ಕೆ ಅದು ತಗಲುವುದಿಲ್ಲ. ಆ ಕೊರತೆಯನ್ನು ಕ್ಯಾನ್ಸಲ್ ಬಟನ್ ತುಂಬುತ್ತಿದೆ, ಅದರ ಸಿಟ್ಟು ಚಾಲಕರ ಮೇಲೋ ಪ್ರಯಾಣಿಕರ ಮೇಲೋ ಬೀಳುತ್ತಿದೆ.

ಇಷ್ಟೆಲ್ಲ ಈಗ ಯಾಕೆ ಅಂದರೆ, ಈ ಜಾಲಗಳಿಗೆ ಹೊಸ ಸದಸ್ಯರು ಬರುತ್ತಿದ್ದಾರೆ. 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂತ್ರೋಪಿಕ್ ‘ಎಂಸಿಪಿ’ ತಂದಿತು, 2025ರ ಏಪ್ರಿಲ್‌ನಲ್ಲಿ ಗೂಗಲ್ ‘ಎ2ಎ’ ತಂದಿತು. ಎಐ ಏಜೆಂಟುಗಳು, ಅಂದರೆ ನಮ್ಮ ಪರವಾಗಿ ತಾವೇ ಕೆಲಸ ಮಾಡುವ ಪ್ರೋಗ್ರಾಂಗಳು, ಹೊರಗಿನ ಸಾಧನಗಳ ಜತೆ, ಮತ್ತು ಒಂದು ಇನ್ನೊಂದರ ಜತೆ ಮಾತಾಡಲು ಇರುವ ಪ್ರೋಟೊಕಾಲ್‌ಗಳು ಇವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಎನ್‌ಪಿಸಿಐ, ಬೆಂಗಳೂರಿನ ಪೇಮೆಂಟ್ ಕಂಪನಿ ರೇಜರ್‌ಪೇ ಮತ್ತು ಓಪನ್‌ಎಐ ಸೇರಿ ಚಾಟ್‌ಜಿಪಿಟಿ ಒಳಗಿಂದಲೇ ಯುಪಿಐ ಪಾವತಿ ಮಾಡುವ ಪ್ರಯೋಗ ಪ್ರಕಟಿಸಿದವು. ಮೊದಲು ಸೇರಿದವರಲ್ಲಿ ಬಿಗ್‌ಬಾಸ್ಕೆಟ್ ಕೂಡ ಇದೆ.

ಮನುಷ್ಯರು ಪೆಂಡಿಂಗ್ ನೋಡಿ ನಾಲ್ಕು ಸಲ ಪರದೆ ಎಳೆದು ನೋಡಿ ಸುಸ್ತಾಗುತ್ತಾರೆ, ಆಮೇಲೆ ಕ್ಯಾಶ್ ಕೊಟ್ಟು ಹೋಗುತ್ತಾರೆ. ಪ್ರೋಗ್ರಾಂಗೆ ಸುಸ್ತಿಲ್ಲ. ಏಪ್ರಿಲ್ 12ರಂದು ಆದದ್ದೂ ಅದೇ ಅಲ್ವಾ? ಸ್ಥಿತಿ ವಿಚಾರಣೆಗೆ ಈಗ ಮೂರು ಸಲದ ಮಿತಿ ಇದೆ, ಆ ಭಾಗಕ್ಕೆ ನನಗೆ ಅಷ್ಟು ಭಯವಿಲ್ಲ. ಭಯ ಇರುವುದು ಅದರ ಪಕ್ಕದ ಜಾಗದಲ್ಲಿ. ದಿನಸಿಗೆ ಆರ್ಡರ್ ಹಾಕಿದ ಏಜೆಂಟಿಗೆ ಪಾವತಿ ಪೆಂಡಿಂಗ್ ಅಂತ ಬಂತು ಅಂದುಕೊಳ್ಳಿ. ಮೂರು ಸಲ ಕೇಳಿತು, ಉತ್ತರ ಸಿಗಲಿಲ್ಲ. ಕೊಟ್ಟ ಕೆಲಸ ಮುಗಿಸಬೇಕು ಅನ್ನುವ ಹುಮ್ಮಸ್ಸಿನಲ್ಲಿ ಅದು ಹೊಸದೊಂದು ಆರ್ಡರ್ ಹಾಕಿ, ಹೊಸದೊಂದು ಪೇಮೆಂಟ್ ಶುರುಮಾಡಬಹುದು. ಹೊಸ ಪೇಮೆಂಟಿಗೆ ಹೊಸ 35 ಅಕ್ಷರ. ಹಳೆಯದು ‘ಡೀಮ್ಡ್’ ಆಗಿ ಕೂತಿದೆ, ನಾಳೆ ಜಮಾ ಆಗಬಹುದು. ಒಂದೇ ಗುರುತಿಗೆ ಎರಡು ಕಡಿತ ಇಲ್ಲ ಅನ್ನುವ ಯುಪಿಐ ರಕ್ಷಣೆ ಇಲ್ಲಿ ಕೆಲಸ ಮಾಡುವುದಿಲ್ಲ, ಯಾಕೆಂದರೆ ಗುರುತೇ ಎರಡು. ಸ್ವಿಚ್ಚಿನ ಕಣ್ಣಿಗೆ ಎರಡೂ ಸರಿಯಾದ ವ್ಯವಹಾರಗಳೇ.

ಇದನ್ನು ತಡೆಯಬೇಕಾದರೆ ‘ಈ ಎರಡೂ ಒಂದೇ ಉದ್ದೇಶದ ಪಾವತಿಗಳು’ ಅನ್ನುವ ಗುರುತು ಏಜೆಂಟಿನಿಂದ ಹಿಡಿದು ಅಂಗಡಿಯ ಆ್ಯಪ್, ಪೇಮೆಂಟ್ ಕಂಪನಿ, ಸ್ವಿಚ್ ತನಕ ಜತೆಯಲ್ಲೇ ಸಾಗಬೇಕು. ಹಳೆಯದರ ಗತಿ ತೀರ್ಮಾನವಾಗುವ ತನಕ ಹೊಸದನ್ನು ಬಾಗಿಲಲ್ಲೇ ನಿಲ್ಲಿಸಬೇಕು. ಹಾಗೆ ಮಾಡಿದರೆ ಅಂಗಡಿ ಪಾವತಿಯ ಆ 5 ದಿನಗಳ ಗಡುವು ಉದ್ದವಾಯಿತು ಅನ್ನಿಸುತ್ತದೆ. ಟೊಮೆಟೊಗೆ ಯಾರೂ 5 ದಿನ ಕಾಯುವುದಿಲ್ಲ. ದುಡ್ಡು ವಾಪಸ್ ಕೊಡುವ ಹೊಣೆ ಅಷ್ಟರ ತನಕ ಏಜೆಂಟ್ ಮಾಡಿದ ಕಂಪನಿಯದೋ, ಅಂಗಡಿಯದೋ, ಬ್ಯಾಂಕಿನದೋ ಅನ್ನುವುದನ್ನೂ ಈಗಲೇ ಬರೆದಿಡಬೇಕು, ಪ್ರಯೋಗ ಇನ್ನೂ ಚಿಕ್ಕದಿರುವಾಗಲೇ.